ಗಿಟಾರು ಕೊಂಡಾಯ್ತು, ಅಲೆನ್ ಕೀ ಎಲ್ಲಿ?

ಹೆವಿ ಮೆಟಲ್ ನುಡಿಸಲು ಗಿಟಾರು ಬೇಕೆಂದು ಹೊರಟ ಹುಡುಗ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆಯೇ ಮನಸ್ಸಿನಲ್ಲಿ ಕೊಂಡು ಮುಗಿಸಿರುತ್ತಾನೆ. ಸರಿರಾತ್ರಿಯವರೆಗೆ ಯೂಟ್ಯೂಬ್ ನೋಡಿ, ಮರ ಯಾವುದು, ಪಿಕಪ್ ಯಾವುದು, ಬ್ರಿಡ್ಜ್ ಯಾವುದು ಎಂದೆಲ್ಲ ಉರು ಹೊಡೆದು, ಆಮೇಲೆ ನನ್ನಂಥವನನ್ನು ಹುಡುಕಿಕೊಂಡು ಬಂದು “ಯಾವುದು ತಗೊಳ್ಳಲಿ ಅಂಕಲ್?” ಎಂದು ಕೇಳುವುದು ಬರೀ ಉಪಚಾರಕ್ಕೆ. ಅವನ ತಲೆಯಲ್ಲಿರುವ ಹೆಸರನ್ನೇ ನಾನೂ ಹೇಳಿದರೆ ಅಂಕಲ್‌ಗೆ ವಿಷಯ ಗೊತ್ತು. ಬೇರೆ ಹೇಳಿದೆನೋ, ಪಾಪ, ಅಂಕಲ್ ಎಂಬತ್ತರ ದಶಕದಲ್ಲೇ ಉಳಿದುಹೋದವರು. “ಮೊದಲು ಒಂದು ಅಲೆನ್ ಕೀ ಸೆಟ್ ತಗೋ” ಎಂದರಂತೂ ಜೋಕು ಹೊಡೆದೆನೆಂದು ನಗುತ್ತಾನೆ. ಜೋಕಲ್ಲ ಮಾರಾಯ. ಹೆವಿ ಮೆಟಲ್ಲಿನಲ್ಲಿ ಹೆವಿ ಎನ್ನುವುದು ಅಂಗಡಿಯಲ್ಲಿ ಸಿಗುವುದು ಅರ್ಧ. ಉಳಿದರ್ಧ ನೀನು ಮನೆಗೆ ಬಂದು ಆ ಕೀಯಿಂದ ಸ್ಕ್ರೂ ತಿರುಗಿಸಿದಾಗ ಬರುವುದು. ಈ ಮಾತನ್ನು ಯಾವ ಹುಡುಗನೂ ಇದುವರೆಗೆ ನಂಬಿಲ್ಲ.

ಬೆಂಗಳೂರಿನಲ್ಲಿ ಈ ಕಾಯಿಲೆ ಇಂದಿನದಲ್ಲ. 2007ರ ಮಾರ್ಚಿನಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಿತ್ತು. 2011ರ ಅಕ್ಟೋಬರಿನಲ್ಲಿ ಗುರುಗ್ರಾಮದ ಕಾರ್ಯಕ್ರಮ ಕೈಕೊಟ್ಟ ಮೇಲೆ ಮೆಟಾಲಿಕಾ ಅದೇ ಮೈದಾನದಲ್ಲಿ ನುಡಿಸಿ ಹೋಯಿತು. 1998ರಲ್ಲಿ ಇಲ್ಲೇ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಹತ್ತಿತು. ಅಂದು ಅರಮನೆ ಮೈದಾನದಲ್ಲಿ ಕೂದಲು ಬಿಚ್ಚಿ ತಲೆ ಕುಣಿಸಿದವರಲ್ಲಿ ಇಂದು ಹಲವರಿಗೆ ಕುಣಿಸಲು ಕೂದಲಿಲ್ಲ, ಕತ್ತಿಗೆ ಫಿಸಿಯೋಥೆರಪಿ ನಡೆಯುತ್ತಿದೆ. ಆದರೂ ಮಗನಿಗೆ ಗಿಟಾರು ಕೊಡಿಸುವ ನೆಪದಲ್ಲಿ ಅಪ್ಪನೇ ಮುಂದೆ, ಮಗ ಹಿಂದೆ. ಫೋಟೋಕ್ಕೆ ನಿಂತಾಗ ಇಬ್ಬರೂ ತೋರುಬೆರಳು, ಕಿರುಬೆರಳು ಎತ್ತಿ ಕೊಂಬು ತೋರಿಸುತ್ತಾರೆ. ಅದು ಸೈತಾನನ ಸಂಕೇತವೆಂದು ಮನೆಯಾಕೆಗೆ ಗಾಬರಿ. ಆ ಮುದ್ರೆಯನ್ನು ಮೆಟಲ್ ಲೋಕಕ್ಕೆ ತಂದ ರಾನಿ ಜೇಮ್ಸ್ ಡಿಯೋ, ತಾನದನ್ನು ಕಲಿತದ್ದು ಇಟಲಿ ಮೂಲದ ಅಜ್ಜಿಯಿಂದ ಎನ್ನುತ್ತಿದ್ದ. ಅಜ್ಜಿ ಅದನ್ನು ಮಾಡುತ್ತಿದ್ದದ್ದು ಕೆಟ್ಟ ಕಣ್ಣು ತಾಗದಿರಲೆಂದು. ಅಂದಮೇಲೆ ಮೈದಾನದ ತುಂಬ ಸಾವಿರಾರು ಜನ ಸೇರಿ ಮಾಡುತ್ತಿದ್ದದ್ದು ದೃಷ್ಟಿ ತೆಗೆಯುವ ಕೆಲಸ. ಉಪ್ಪು, ಮೆಣಸಿನಕಾಯಿ ಒಂದಿರಲಿಲ್ಲ ಅಷ್ಟೇ.

ಅಂಗಡಿಗೆ ಬರೋಣ. ಗೋಡೆಯ ಮೇಲೆ ಚೂಪು ಚೂಪಾದ ಗಿಟಾರುಗಳು ನೇತಾಡುತ್ತಿರುತ್ತವೆ. ಹುಡುಗನ ಕಣ್ಣು ಮೊದಲು ಬೀಳುವುದು ವಿ ಆಕಾರದ್ದರ ಮೇಲೆ. ಗಿಬ್ಸನ್ ಕಂಪನಿ ಫ್ಲೈಯಿಂಗ್ ವಿ ಎಂಬ ಈ ಆಕಾರವನ್ನು 1958ರಲ್ಲಿ ತಂದಾಗ ಅದನ್ನು ಮೂಸಿ ನೋಡುವವರಿರಲಿಲ್ಲ. ಮರುವರ್ಷವೇ ತಯಾರಿಕೆ ನಿಂತಿತು. ಮುಂದೆ ಮೆಟಲ್‌ನವರು ಅದನ್ನು ಎತ್ತಿಕೊಂಡು ಮೆರೆಸಿದರು, ಸರಿ. ಆದರೆ ಅವರು ನುಡಿಸುವುದು ನಿಂತುಕೊಂಡು. ನೀವು ನುಡಿಸುವುದು ಮಂಚದ ಅಂಚಿನಲ್ಲಿ ಕೂತು. ತೊಡೆಯ ಮೇಲೆ ಇಟ್ಟರೆ ವಿ ಜಾರಿ ನೆಲಕ್ಕೆ ಬೀಳುತ್ತದೆ. ಬೀಳಬಾರದೆಂದರೆ ಎರಡು ರೆಕ್ಕೆಗಳ ನಡುವೆ ಒಂದು ತೊಡೆಯನ್ನು ಸಿಕ್ಕಿಸಿಕೊಂಡು, ಗಿಟಾರಿನ ಕುತ್ತಿಗೆಯನ್ನು ಆಕಾಶಕ್ಕೆತ್ತಿ, ಶಾಸ್ತ್ರೀಯ ಗಿಟಾರು ವಿದ್ವಾಂಸರ ಭಂಗಿಯಲ್ಲಿ ಕೂರಬೇಕು. ರೌದ್ರಾವತಾರ ತೋರಿಸಲು ಕೊಂಡ ಗಿಟಾರು ನಿಮ್ಮನ್ನು ಪರಮ ಶಿಸ್ತಿನ ವಿದ್ಯಾರ್ಥಿಯನ್ನಾಗಿ ಮಾಡುತ್ತದೆ. ಬೆಂಗಳೂರಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಅದರ ಕೊಂಬು ಮೊದಲು ಕಪಾಟಿಗೆ, ಆಮೇಲೆ ಟಿ.ವಿ.ಗೆ, ಕೊನೆಗೆ ಅತ್ತೆಗೆ ತಗಲುತ್ತದೆ.

ಮರದ ಜಗಳಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಮಹೋಗನಿಯೋ ಬಾಸ್‌ವುಡ್ಡೋ ಎಂದು ಹೊಡೆದಾಡುವವರು ಹೊಡೆದಾಡಲಿ. ಡಿಸ್ಟಾರ್ಷನ್ ಪೂರ್ತಿ ತಿರುಗಿಸಿದ ಮೇಲೆ ಕಣ್ಣುಮುಚ್ಚಿ ಯಾವ ಮರವೆಂದು ಹೇಳಬಲ್ಲವನು ಸಿಕ್ಕರೆ ಅವನಿಗೊಂದು ಶಾಲು ಹೊದಿಸೋಣ. ಒಂದು ಮಾತು ಮಾತ್ರ ಹೇಳಬೇಕು. ಮಲೆನಾಡಿನ ಅಜ್ಜನ ಮನೆಯಲ್ಲಿ ಬೀಟೆಯ ಮಂಚದ ಮೇಲೆ ಹೊರಳಾಡಿ ಬೆಳೆದ ಹುಡುಗನೇ ಅಂಗಡಿಯಲ್ಲಿ “ಫಿಂಗರ್‌ಬೋರ್ಡು ರೋಸ್‌ವುಡ್ಡಾ?” ಎಂದು ಭಕ್ತಿಯಿಂದ ಸವರಿ ನೋಡುತ್ತಾನೆ. ಲೋಕದ ಎಷ್ಟೋ ಗಿಟಾರುಗಳ ಫಿಂಗರ್‌ಬೋರ್ಡು ನಮ್ಮ ಪಶ್ಚಿಮ ಘಟ್ಟದ ಆ ಬೀಟೆಯ ಜಾತಿಯದೇ. 2017ರ ಜನವರಿಯಲ್ಲಿ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗೆ ಆ ಕುಲದ ಮರಗಳೆಲ್ಲ ಸೇರಿದಾಗ ಅಮೆರಿಕದ ಕಂಪನಿಗಳು ಕಾಗದಪತ್ರಕ್ಕೆ ಒದ್ದಾಡಿದವು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ಅಜ್ಜನ ಮಂಚ ಅಷ್ಟೂ ಕಾಲ ಅಲ್ಲೇ ಇತ್ತು.

ಪಿಕಪ್ ವಿಷಯಕ್ಕೆ ಮಾತ್ರ ಸ್ವಲ್ಪ ಕೂರಬೇಕು. ಅಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಪಿಕಪ್. ಮೇಲೆ ಉಕ್ಕಿನ ತಂತಿ ಅದುರಿದಾಗ ಒಳಗೆ ವಿದ್ಯುತ್ತು ಹುಟ್ಟುತ್ತದೆ. ತೊಂದರೆಯೇನೆಂದರೆ ಈ ಸುರುಳಿಗೆ ನಿಮ್ಮ ತಂತಿಯೊಂದೇ ಕೇಳಿಸುವುದಿಲ್ಲ. ಮನೆಯ ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ಗೋಡೆಯೊಳಗಿನ 50 ಹರ್ಟ್ಸ್ ಕರೆಂಟು ಎಲ್ಲವೂ ಕೇಳಿಸುತ್ತವೆ. ಅದಕ್ಕೇ ಗುಂಯ್ ಎನ್ನುತ್ತದೆ. ಗಿಬ್ಸನ್‌ನಲ್ಲಿ ಎಂಜಿನಿಯರಾಗಿದ್ದ ಸೇತ್ ಲವರ್ 1955ರಲ್ಲಿ ಉಪಾಯ ಹೂಡಿದ: ಎರಡು ಸುರುಳಿ ಇಡು, ಒಂದನ್ನು ಉಲ್ಟಾ ಸುತ್ತು, ಅದರ ಅಯಸ್ಕಾಂತವನ್ನೂ ಉಲ್ಟಾ ಮಾಡು. ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಎದುರುಬದುರಾಗಿ ಹೊಡೆದಾಡಿ ಸಾಯುತ್ತದೆ, ತಂತಿಯ ದನಿ ಕೂಡಿಕೊಂಡು ದಪ್ಪವಾಗುತ್ತದೆ. ಇದೇ ಹಂಬಕರ್. ಮೆಟಲ್‌ಗೆ ಬ್ರಿಡ್ಜ್ ಪಕ್ಕ ಒಂದು ಹಂಬಕರ್ ಇರಲೇಬೇಕು ಎನ್ನುವುದು ಮೊದಲ ಸೂತ್ರ. ನಾನೂ ಅದನ್ನೇ ಹೇಳುತ್ತೇನೆ. ಇಷ್ಟು ಇದ್ದರೆ ಸಾಕು, ಮುಕ್ಕಾಲು ಪಾಲು ಆಯ್ಕೆ ಮುಗಿಯಿತು.

ಸಾಲದು ಎನ್ನುವವರಿಗೆ ಇಎಂಜಿ 81 ಥರದ ಆ್ಯಕ್ಟಿವ್ ಪಿಕಪ್‌ಗಳಿವೆ. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡನಿಂದಾಗಿ ಮನೆಮಾತಾದವು. ಒಳಗೆ 9 ವೋಲ್ಟಿನ ಬ್ಯಾಟರಿ ಕೂತಿರುತ್ತದೆ. ಕೇಬಲ್ ಚುಚ್ಚಿಟ್ಟಷ್ಟೂ ಹೊತ್ತು ಅದು ಖರ್ಚಾಗುತ್ತಲೇ ಇರುತ್ತದೆ, ನೀವು ನುಡಿಸಿ ಬಿಡಿ. ಲೋಕವನ್ನೇ ನಡುಗಿಸುವ ಹಾಡಿನ ನಡುವೆ ಸದ್ದು ಕೆಮ್ಮಿ ಕೆಮ್ಮಿ ನಿಂತುಹೋಗಿ, ರಾತ್ರಿ ಒಂಬತ್ತೂವರೆಗೆ ಬ್ಯಾಟರಿ ಹುಡುಕುತ್ತ ಕಿರಾಣಿ ಅಂಗಡಿಗೆ ಓಡುವ ಕ್ಷತ್ರಿಯರನ್ನು ನಾನು ಕಂಡಿದ್ದೇನೆ.

ಈಗ ಆ ಹಂಬಕರ್ ಸೂತ್ರಕ್ಕೆ ಮಣ್ಣೆರಚುವ ಕಥೆ. ಹೆವಿ ಮೆಟಲ್ಲಿನ ಆದಿಪುರುಷ ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವನು, ತಗಡಿನ ಕಾರ್ಖಾನೆಯ ಕೆಲಸಗಾರ. 1965ರಲ್ಲಿ, ಹದಿನೇಳರ ವಯಸ್ಸಿಗೆ, ಬ್ಯಾಂಡಿನ ಜೊತೆ ಹೋಗಲೆಂದು ಕೆಲಸ ಬಿಟ್ಟ. ಕೊನೆಯ ದಿನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗುವುದಿಲ್ಲ ಎಂದ. ಹಿಡಿದ ಕೆಲಸವನ್ನು ಸರಿಯಾಗಿ ಮುಗಿಸಿ ಬಾ ಎಂದು ತಾಯಿ ವಾಪಸು ಅಟ್ಟಿದಳು. ತಾಯಂದಿರು ಎಲ್ಲ ಊರಲ್ಲೂ ಒಂದೇ. ಆ ಮಧ್ಯಾಹ್ನ, ಬಾರದ ಇನ್ಯಾರದೋ ಬದಲಿಗೆ ಹೋಗಿ ನಿಂತಾಗ, ಯಂತ್ರ ಅವನ ಬಲಗೈಯ ಎರಡು ಬೆರಳ ತುದಿ ಕಚ್ಚಿಕೊಂಡಿತು. ಅವನು ಎಡಚ, ಅಂದರೆ ತಂತಿ ಒತ್ತುವ ಕೈಯೇ ಹೋಯಿತು. ಕಾರ್ಖಾನೆಯ ಮೇಲಿನವನೊಬ್ಬ ಗಿಟಾರು ವಾದಕ ಜ್ಯಾಂಗೋ ರೈನ್‌ಹಾರ್ಟ್‌ನ ಧ್ವನಿಮುದ್ರಿಕೆ ತಂದು ಕೇಳಿಸಿ, ಇವನ ಎಡಗೈಯ ಎರಡು ಬೆರಳು ಬೆಂಕಿಯಲ್ಲಿ ಸುಟ್ಟು ಕೆಲಸಕ್ಕೆ ಬಾರದಂತಾಗಿವೆ ಎಂದು ಹೇಳಿದ. ಅಯೋಮಿ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳ ತುದಿಗೆ ಟೊಪ್ಪಿ ಮಾಡಿ, ಉಜ್ಜಿ ನಯಗೊಳಿಸಿ, ಮೇಲೆ ಚರ್ಮ ಅಂಟಿಸಿಕೊಂಡ. ದಪ್ಪ ತಂತಿ ಒತ್ತಲಾಗದೆ ಬ್ಯಾಂಜೋದ ತೆಳು ತಂತಿ ತಂದು ಹಾಕಿದ. ಅದೂ ಬಿಗಿ ಎನಿಸಿದಾಗ ಶ್ರುತಿಯನ್ನೇ ಇಳಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಗಿಟಾರು ಮೂರು ಅರ್ಧಸ್ವರ ಕೆಳಗಿದೆ.

ಗಿಟಾರಾದರೂ ಅವನು ಆರಿಸಿಕೊಂಡದ್ದೇ? ಅವನ ತಂಡ ಬ್ಲ್ಯಾಕ್ ಸಬತ್ ಮೊದಲ ಆಲ್ಬಂ ಮುದ್ರಿಸಲು ಕೂತಾಗ ಕೈಯಲ್ಲಿದ್ದದ್ದು ಸ್ಟ್ರಾಟೊಕ್ಯಾಸ್ಟರ್. ಒಂದು ಹಾಡು ಮುಗಿಯುವಷ್ಟರಲ್ಲಿ ಅದರ ಪಿಕಪ್ ಕೆಟ್ಟಿತು. ಇರಲಿ ಎಂದು ಜೊತೆಗಿಟ್ಟುಕೊಂಡಿದ್ದ ಗಿಬ್ಸನ್ ಎಸ್‌ಜಿ ಎತ್ತಿಕೊಂಡ. ಆ ಎಸ್‌ಜಿ ಸ್ಪೆಷಲ್‌ನಲ್ಲಿ ಇದ್ದದ್ದು ಹಂಬಕರ್ ಅಲ್ಲ, ಪಿ-90 ಎಂಬ ಒಂಟಿ ಸುರುಳಿಯ ಪಿಕಪ್. ಹೀಗೆ, ಒಂಟಿ ಸುರುಳಿ, ತೆಳು ತಂತಿ, ಪ್ಲಾಸ್ಟಿಕ್ ಬೆರಳು, ಕೆಟ್ಟುಹೋದ ಗಿಟಾರಿನ ಬದಲಿ ಗಿಟಾರು, ಇಷ್ಟರಿಂದ 1970ರ ಫೆಬ್ರವರಿ 13ರ ಶುಕ್ರವಾರ ಹೊರಬಂದದ್ದನ್ನು ಕೇಳಿ ಲೋಕ ಇಂದಿಗೂ ‘ಭಾರ’ ಎನ್ನುತ್ತಿದೆ. ನಮ್ಮ ಹುಡುಗನೋ, ಭಾರ ಬರಲಿ ಎಂದು ಪಾತಾಳಗರಡಿಗೆ ಕಟ್ಟುವಂಥ ದಪ್ಪ ತಂತಿ ಕೇಳುತ್ತಾನೆ.

ಆ ಆಲ್ಬಮ್ಮಿನ ಮೊದಲ ಹಾಡಿನ ಮುಖ್ಯ ವರಸೆಯಲ್ಲಿ ಇರುವುದು ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಪ್ರತಿಮಧ್ಯಮ. ಅದನ್ನು ಕೇಳಿ ಪಾಶ್ಚಾತ್ಯರು ಬೆಚ್ಚಿದರು. ನಾವು ಅದೇ ಪ್ರತಿಮಧ್ಯಮವನ್ನು ಕಲ್ಯಾಣಿಯಲ್ಲಿ ಹಾಡಿಕೊಂಡು ಮದುವೆ ಮಾಡಿಸುತ್ತೇವೆ. ಸ್ವರದಲ್ಲಿ ಸೈತಾನನಿಲ್ಲ, ಅಕ್ಕಪಕ್ಕ ಯಾರಿದ್ದಾರೆ ಎನ್ನುವುದರಲ್ಲಿದ್ದಾನೆ.

ಮೆಟಲ್ಲಿನ ನಿತ್ಯದ ಅನ್ನ ಪವರ್ ಕಾರ್ಡ್. ಹೆಸರು ಕೇಳಿ ಹೆದರಬೇಡಿ, ಅದು ಸ ಮತ್ತು ಪ. ಗಾಂಧಾರ ಇಲ್ಲ, ಅದಕ್ಕೇ ನಗುವೂ ಇಲ್ಲ ಅಳುವೂ ಇಲ್ಲ. ಗಾಂಧಾರ ಸೇರಿಸಿ ಡಿಸ್ಟಾರ್ಷನ್ ಕೊಟ್ಟು ನೋಡಿ, ಸ್ವರಗಳು ಒಂದರೊಳಗೊಂದು ಕಲಸಿ ರಾಡಿಯಾಗುತ್ತದೆ. ಡಿಸ್ಟಾರ್ಷನ್ ಎಂದರೆ ಎರಡು ಸ್ವರ ಹಾಕಿದರೆ ಅವುಗಳ ವ್ಯತ್ಯಾಸದ ಸ್ವರವನ್ನೂ ತಾನೇ ಹುಟ್ಟಿಸಿ ಕೊಡುವ ವ್ಯವಸ್ಥೆ. ಸ ಮತ್ತು ಪ ಇರುವುದು 2 ಮತ್ತು 3ರ ಪ್ರಮಾಣದಲ್ಲಿ. ಕಳೆದರೆ ಉಳಿಯುವುದು 1. ಅಂದರೆ ನೀವು ಮುಟ್ಟದೇ ಇದ್ದ, ಒಂದು ಸ್ಥಾಯಿ ಕೆಳಗಿನ ಷಡ್ಜ. ನೆಲ ಅದುರಿತು ಎನಿಸುವುದು ಆ ಪುಕ್ಕಟೆ ಷಡ್ಜದಿಂದಲೇ. ಆದರೆ ಗಿಟಾರಿನ ಪಂಚಮ ತುಸು ಜಾರಿದ್ದರೂ ಕೆಳಗಿನವನು ಹುಯ್ಯೋ ಎಂದು ಅಲೆಯಲು ಶುರುಮಾಡುತ್ತಾನೆ. ಡಿಸ್ಟಾರ್ಷನ್ ಹಾಕಿದರೆ ತಪ್ಪೆಲ್ಲ ಮುಚ್ಚಿಹೋಗುತ್ತದೆ ಎಂದು ನಂಬಿರುವವರಿಗೆ ಇದು ಕೆಟ್ಟ ಸುದ್ದಿ. ಅದು ತಪ್ಪನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತದೆ. ಅಲೆನ್ ಕೀ ಬೇಕೆಂದದ್ದು ಇದಕ್ಕೇ.

ಮೊದಲು ತಂತಿಯ ಲೆಕ್ಕ. ಶ್ರುತಿ ಒಂದು ಪೂರ್ಣಸ್ವರ ಇಳಿಸಿದರೆ ತಂತಿಯ ಎಳೆತ ಸುಮಾರು ಶೇ. 20ರಷ್ಟು ಸಡಿಲಾಗುತ್ತದೆ. ಅಯೋಮಿಯ ಹಾಗೆ ಮೂರು ಅರ್ಧಸ್ವರ ಇಳಿಸಿದರೆ ಶೇ. 29ರಷ್ಟು. ಅವನಿಗೆ ಬೇಕಾದದ್ದೇ ಅದು. ನಿಮ್ಮ ಬೆರಳೆಲ್ಲ ಸರಿಯಾಗಿರುವುದರಿಂದ ನಿಮಗೆ ಬೇಡ. ವೇಗವಾಗಿ ಬಡಿದಾಗ ಸಡಿಲ ತಂತಿ ಆಚೆಈಚೆ ಓಲಾಡಿ ಶ್ರುತಿ ತಪ್ಪುತ್ತದೆ. ಹಾಗಾಗಿ ಇಳಿಸಿದಷ್ಟು ದಪ್ಪ ಏರಿಸಬೇಕು. ಮೊದಲ ತಂತಿ 10ರ ಸೆಟ್ಟಿನಿಂದ 11ರದಕ್ಕೆ ಹೋದರೆ ಎಳೆತ ಶೇ. 21 ಏರುತ್ತದೆ. ಒಂದು ಸ್ವರ ಇಳಿಸಿದ ನಷ್ಟ ಹೆಚ್ಚುಕಡಿಮೆ ಭರ್ತಿಯಾಯಿತು. ಈ 10, 11 ಎಂದರೆ ಅಂಗುಲದ ಸಾವಿರ ಪಾಲಿನಲ್ಲಿ ಹತ್ತು, ಹನ್ನೊಂದು ಪಾಲು. ಅಷ್ಟು ಸಣ್ಣ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆಯೇ ಎಂದು ಕೇಳುವವರು ಬೆರಳು ಸುಟ್ಟ ಮೇಲೆ ಕೇಳುವುದಿಲ್ಲ. ತಂತಿಯ ಉದ್ದವೂ ಲೆಕ್ಕಕ್ಕೆ ಬರುತ್ತದೆ: ಗಿಬ್ಸನ್ ಜಾತಿಯವು ಸುಮಾರು 628 ಮಿಲಿಮೀಟರ್, ಫೆಂಡರ್ ಜಾತಿಯವು 648. ತುಂಬ ಕೆಳಗಿಳಿಸಿ ನುಡಿಸುವವರಿಗೆ ಉದ್ದದ್ದೇ ಒಳ್ಳೆಯದು. ಇನ್ನು ಏಳು ತಂತಿ, ಎಂಟು ತಂತಿಯ ಗಿಟಾರು ಕೇಳುವವರಿದ್ದಾರೆ. ಆರರಲ್ಲಿ ನಾಲ್ಕು ತಂತಿ ಇನ್ನೂ ಮುಟ್ಟದ ಅವರಿಗೆ ನನ್ನದೊಂದು ನಮಸ್ಕಾರ. ಬೇಸ್ ಗಿಟಾರಿನವನ ಅನ್ನಕ್ಕೆ ಯಾಕೆ ಕಲ್ಲು ಹಾಕುತ್ತೀರಿ?

ಫ್ಲಾಯ್ಡ್ ರೋಸ್ ಬ್ರಿಡ್ಜ್ ಬಗ್ಗೆ ಮೆಲ್ಲಗೆ ಹೇಳುತ್ತೇನೆ, ಹುಡುಗರು ಕೇಳಿಸಿಕೊಂಡರೆ ಹೊಡೆಯುತ್ತಾರೆ. ಅದೇ ಹೆಸರಿನ ಅಮೆರಿಕದ ಗಿಟಾರು ವಾದಕ 1970ರ ದಶಕದ ಕೊನೆಯಲ್ಲಿ ಮಾಡಿದ ಸಾಧನ ಅದು. ತಂತಿಯ ಎರಡೂ ತುದಿಗೆ ಬೀಗ. ಕೋಲು ಹಿಡಿದು ಎಷ್ಟು ಜಗ್ಗಿದರೂ, ಸ್ವರ ಪಾತಾಳಕ್ಕೆ ಹೋಗಿ ಬಂದರೂ ಶ್ರುತಿ ಮರಳಿ ಕೂರುತ್ತದೆ. ಅದ್ಭುತವೇ ಸೈ. ಆದರೆ ಇಡೀ ಬ್ರಿಡ್ಜ್ ಮುಂದೆ ತಂತಿಗಳು, ಹಿಂದೆ ಸ್ಪ್ರಿಂಗುಗಳು ಎಳೆಯುವ ಸಮತೋಲದಲ್ಲಿ ತೇಲುತ್ತಿರುತ್ತದೆ. ಒಂದು ತಂತಿಯ ಶ್ರುತಿ ಇಳಿಸಿದಿರೋ, ಉಳಿದ ಐದೂ ಏರುತ್ತವೆ. ಆ ಐದನ್ನು ಸರಿಮಾಡಿದರೆ ಮೊದಲನೆಯದು ಮುನಿಸಿಕೊಳ್ಳುತ್ತದೆ. ಒಂದು ತಂತಿ ಕಡಿದರೆ ಗಿಟಾರು ಪೂರ್ತಿ ಅಪಸ್ವರ. ಸಂಜೆ ಹೊಸ ತಂತಿ ಹಾಕಲು ಕೂತವನು ರಾತ್ರಿಯೂಟಕ್ಕೂ ಏಳಲಿಲ್ಲವೆಂದರೆ ಮನೆಯವರು ಅವನು ಸಾಧನೆ ಮಾಡುತ್ತಿದ್ದಾನೆಂದು ಭಾವಿಸುತ್ತಾರೆ. ಮೊದಲ ಗಿಟಾರಿಗೆ ಅಲುಗಾಡದ ಬ್ರಿಡ್ಜೇ ಸಾಕು. ಆಗಲೇ ಕೊಂಡುಬಿಟ್ಟಿದ್ದರೆ ಹಿಂದಿನ ಗುಂಡಿಯಲ್ಲಿ ಒಂದು ಮರದ ತುಂಡು ಗಟ್ಟಿಯಾಗಿ ತುರುಕಿ ಅದರ ಹಾರಾಟ ನಿಲ್ಲಿಸಿ. ಯಾರಿಗೂ ಹೇಳಬೇಡಿ.

ಈಗ ಕೈಗೆ ಎಣ್ಣೆ ಹತ್ತಿಸಿಕೊಳ್ಳುವ ಕೆಲಸ. ಮೊದಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ. ಹೌದು, ಗಾಡಿಗಳ ಬಿಡಿಭಾಗದ ಜೆ.ಸಿ. ರಸ್ತೆಯೇ. ಮೆಕ್ಯಾನಿಕ್‌ಗಳು ಸ್ಪಾರ್ಕ್ ಪ್ಲಗ್ಗಿನ ಸಂದು, ಎಂಜಿನ್ ವಾಲ್ವಿನ ಸಂದು ಅಳೆಯುವ ಫೀಲರ್ ಗೇಜ್ ಕೇಳಿ. ಸಣ್ಣ ಚಾಕುವಿನ ಹಾಗೆ ಬಿಚ್ಚಿಕೊಳ್ಳುವ ಉಕ್ಕಿನ ಎಲೆಗಳು, ಒಂದೊಂದರ ಮೇಲೂ ದಪ್ಪ ಕೆತ್ತಿರುತ್ತದೆ. ಮನೆಗೆ ಬಂದು ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಎಡಗೈಯಿಂದ, ನೆಕ್ ದೇಹಕ್ಕೆ ಸೇರುವ ಕಡೆ ಬಲಗೈಯಿಂದ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ನೇರ ಗೆರೆ. ಏಳನೆಯ, ಎಂಟನೆಯ ಫ್ರೆಟ್ಟಿನ ಬಳಿ ತಂತಿಯ ಕೆಳಗೆ 0.20 ಮಿಲಿಮೀಟರಿನ ಎಲೆ ತೂರಬೇಕು, ತಂತಿ ಏಳಬಾರದು. ಎಲೆ ಹಿಡಿಯಲು ನಿಮಗೆ ಮೂರನೆಯ ಕೈ ಬೇಕಾಗುತ್ತದೆ. ಇದಕ್ಕೆಂದೇ ಮದುವೆ ಆಗಿರುತ್ತೀರಿ. ಸಂದು ಹೆಚ್ಚಾಗಿದ್ದರೆ ನೆಕ್ಕಿನೊಳಗೆ ಅಡಗಿರುವ ಉಕ್ಕಿನ ಸರಳನ್ನು, ಅದರ ಹೆಸರು ಟ್ರಸ್ ರಾಡ್, ಅಲೆನ್ ಕೀಯಿಂದ ಬಿಗಿ ಮಾಡಬೇಕು. ಕಡಿಮೆಯಿದ್ದರೆ ಸಡಿಲ. ಒಮ್ಮೆಗೆ ಕಾಲು ಸುತ್ತು ಮೀರಬಾರದು. ತಿರುಗಿಸಿ, ಶ್ರುತಿ ಮಾಡಿ, ಕಾಫಿ ಕುಡಿದು ಬಂದು ಮತ್ತೆ ನೋಡಿ. ಮರಕ್ಕೆ ನಿಮ್ಮ ಅವಸರ ಇಲ್ಲ.

ಇದು ಒಮ್ಮೆ ಮಾಡಿ ಬಿಡುವ ಕೆಲಸವೂ ಅಲ್ಲ. ಆಷಾಢದಲ್ಲಿ ಮಂಗಳೂರಿನ ಗಾಳಿ ಕುಡಿದು ಮರ ಉಬ್ಬುತ್ತದೆ, ತಂತಿಗೆ ತುಕ್ಕು ಬರುತ್ತದೆ, ನೆಕ್ ಹಿಂದೆ ಬಾಗುತ್ತದೋ ಮುಂದೆ ಬಾಗುತ್ತದೋ ಅದರ ಮರ್ಜಿ. ಏಪ್ರಿಲ್ಲಿನ ಕಲಬುರಗಿಯಲ್ಲಿ ಅದೇ ಮರ ಒಣಗಿ ಕುಗ್ಗುತ್ತದೆ. ಫ್ರೆಟ್ಟಿನ ಲೋಹ ಕುಗ್ಗುವುದಿಲ್ಲವಲ್ಲ, ಅದರ ತುದಿಗಳು ಅಂಚಿನಿಂದ ಹೊರಗೆ ಇಣುಕಿ ಅಂಗೈ ಗೀರುತ್ತವೆ. ಗಿಟಾರು ಕಚ್ಚುತ್ತಿದೆ ಎಂದು ಹುಡುಗ ಹೆಮ್ಮೆಯಿಂದ ರಕ್ತ ತೋರಿಸುತ್ತಾನೆ. ಅದರಲ್ಲಿ ಮೆಟಲ್ ಏನೂ ಇಲ್ಲ, ಬೇಸಿಗೆ ಅಷ್ಟೇ.

ನೆಕ್ ಆದ ಮೇಲೆ ತಂತಿಯ ಎತ್ತರ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿಗೆ 2 ಮಿಲಿಮೀಟರ್, ಸಣ್ಣದಕ್ಕೆ ಒಂದೂವರೆ ಇದ್ದರೆ ಸುಖ. ಎಲ್ಲರೂ ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ಇಳಿಸುತ್ತಾರೆ, ಬೆರಳು ಓಡಲಿ ಎಂದು. ಆಮೇಲೆ ಬಲಗೈ ಜೋರಾದೊಡನೆ ತಂತಿ ಫ್ರೆಟ್ಟಿಗೆ ಬಡಿದು ಝುರ್ ಎನ್ನುತ್ತದೆ. ತಂಬೂರಿಯವರು ಆ ಝೇಂಕಾರಕ್ಕಾಗಿಯೇ ಕುದುರೆಯ ಮೇಲೆ ನೂಲಿನ ಜೀವಾಳ ಕೂರಿಸಿ ಗಂಟೆಗಟ್ಟಲೆ ಸರಿಸುತ್ತಾರೆ. ಇಲ್ಲಿ ಅದು ಬೇಡದ ಅತಿಥಿ. ನನ್ನ ಪಂಚಾಯ್ತಿ ಹೀಗೆ: ಆ್ಯಂಪ್ ಹಾಕಿದಾಗ ಕೇಳಿಸದ ಝುರ್ ಅಪರಾಧವಲ್ಲ. ಮೆಟಲ್‌ನವರಿಗೆ ಬಲಗೈ ಮುಖ್ಯ, ಅದಕ್ಕೆ ಬೇಕಾದಷ್ಟು ಜಾಗ ತಂತಿಗೆ ಬಿಡಿ.

ಕೊನೆಗೆ ಇಂಟೋನೇಷನ್. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳು ಬರೀ ಸೋಕಿಸಿ ಬರುವ ಸ್ವರ, ಒತ್ತಿ ಬರುವ ಸ್ವರ ಎರಡೂ ಒಂದೇ ಇರಬೇಕು. ಒತ್ತಿದ್ದು ಮೇಲಕ್ಕಿದ್ದರೆ ಬ್ರಿಡ್ಜ್ ಮೇಲಿನ ಆ ತಂತಿಯ ಸ್ಯಾಡಲ್ಲನ್ನು ಹಿಂದಕ್ಕೆ ಸರಿಸಿ, ಕೆಳಗಿದ್ದರೆ ಮುಂದಕ್ಕೆ. ಹೊಸ ತಂತಿ ಹಾಕಿಯೇ ಮಾಡಬೇಕು. ಹಳೆಯ ತಂತಿಯ ಮೇಲೆ ಇಂಟೋನೇಷನ್ ಸರಿಮಾಡಲು ಕೂತವನು ಸ್ಕ್ರೂಡ್ರೈವರ್ ಜೊತೆಗೇ ಮುದುಕನಾಗುತ್ತಾನೆ. ಶ್ರುತಿ ಮಾಡುವಾಗ ನೆಕ್ಕಿನ ತುದಿಯ ನಟ್ಟಿನ ಕಡೆಯಿಂದ ‘ಟಿಂಕ್’ ಎಂದು ಸದ್ದು ಬಂದರೆ ದಪ್ಪ ತಂತಿ ಅಲ್ಲಿನ ಕಿರಿದಾದ ಸಂದಿನಲ್ಲಿ ಸಿಕ್ಕಿಕೊಂಡಿದೆ. ಮಗಳ ಪೆನ್ಸಿಲ್ ತೆಗೆದು ಆ ಸಂದಿಗೆ ಉಜ್ಜಿ, ಸೀಸ ಜಾರಿಸುತ್ತದೆ. ಆಗಲೂ ಹೋಗದಿದ್ದರೆ ಅರ ಹಿಡಿದು ಅಗಲ ಮಾಡಿಸಬೇಕು. ಅದನ್ನು ಬಲ್ಲವರ ಕೈಗೆ ಕೊಡಿ. ಒಮ್ಮೆ ಆಳವಾದ ಸಂದು ಮತ್ತೆ ಮೇಲೆ ಬರುವುದಿಲ್ಲ. ಇಪ್ಪತ್ತನಾಲ್ಕು ಮೆಟ್ಟಿಲ ಸರಸ್ವತಿ ವೀಣೆಯವರು ಮೇಣ ಕರಗಿಸಿ ಮೆಟ್ಟಿಲು ಕೂರಿಸಲು ತಿಳಿದವರ ಮನೆಗೇ ಹೋಗುತ್ತಾರೆ. ಇಪ್ಪತ್ತನಾಲ್ಕು ಫ್ರೆಟ್ಟಿನ ಗಿಟಾರಿನವರಿಗೆ ಮಾತ್ರ ಎಲ್ಲವೂ ತಮಗೇ ಬರುತ್ತದೆ.

ಇಷ್ಟಾದ ಮೇಲೆ ಆ್ಯಂಪ್. “ನೂರು ವ್ಯಾಟಿಂದು ತಗೊಳ್ಳಲಾ?” ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲೇ? ಐವತ್ತಕ್ಕೂ ನೂರಕ್ಕೂ ಇರುವ ವ್ಯತ್ಯಾಸ 3 ಡೆಸಿಬೆಲ್, ಕಿವಿಗೆ ತುಸುವೇ ಹೆಚ್ಚು. ಕಿವಿಗೆ ಎರಡು ಪಟ್ಟು ಎನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಹತ್ತು ವ್ಯಾಟಿನ ಡಬ್ಬಿಗೇ ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ವಾಲ್ವ್ ಆ್ಯಂಪ್ ಇಲ್ಲದೆ ಮೆಟಲ್ ಇಲ್ಲ ಎನ್ನುವ ಮಡಿವಂತರೂ ಇದ್ದಾರೆ; ಪ್ಯಾಂಟೆರಾ ತಂಡದ ಡೈಮ್‌ಬ್ಯಾಗ್ ಡ್ಯಾರೆಲ್ ತನ್ನ ಗರಗಸದ ದನಿಯನ್ನು ತೆಗೆದದ್ದು ರ್‍ಯಾಂಡಲ್ ಕಂಪನಿಯ ಟ್ರಾನ್ಸಿಸ್ಟರ್ ಆ್ಯಂಪ್‌ನಿಂದ ಎಂದರೆ ಅವರು ವಿಷಯ ಬದಲಿಸುತ್ತಾರೆ.

ಗುಂಡಿಗಳ ವಿಚಾರದಲ್ಲಿ ಹುಡುಗರದು ಒಂದೇ ಮಂತ್ರ: ಬೇಸ್ ಪೂರ್ತಿ, ಟ್ರೆಬಲ್ ಪೂರ್ತಿ, ಮಿಡ್ ಸೊನ್ನೆ, ಗೇನ್ ಎಲ್ಲಿವರೆಗೆ ತಿರುಗುತ್ತೋ ಅಲ್ಲಿವರೆಗೆ. ಮಲಗುವ ಕೋಣೆಯಲ್ಲಿ ಇದು ಭರ್ಜರಿಯಾಗಿ ಕೇಳಿಸುತ್ತದೆ. ಬ್ಯಾಂಡಿನ ಜೊತೆ ನಿಂತ ಮೊದಲ ದಿನ ಗಿಟಾರು ಕಾಣೆ. ಕೆಳಗಿನ ಜಾಗವನ್ನು ಬೇಸ್ ಗಿಟಾರು, ಡ್ರಮ್ಮು ಹಿಡಿದಿರುತ್ತವೆ, ಮೇಲಿನದನ್ನು ಸಿಂಬಲ್ಲು ನುಂಗಿರುತ್ತದೆ. ಗಿಟಾರು ಬದುಕುವುದು ನಡುವೆ, ಆ ನಡುವನ್ನೇ ಇವನು ಸೊನ್ನೆ ಮಾಡಿ ಬಂದಿರುತ್ತಾನೆ. ಧ್ವನಿಮುದ್ರಿಕೆಗಳಲ್ಲಿ ಕೇಳುವ ಗೋಡೆಯಂಥ ಸದ್ದು ಒಂದೇ ಗಿಟಾರಿನದಲ್ಲ; ಅದೇ ಭಾಗವನ್ನು ಎರಡು ಸಲ, ನಾಲ್ಕು ಸಲ ನುಡಿಸಿ ಎಡಕ್ಕೂ ಬಲಕ್ಕೂ ಹಂಚಿರುತ್ತಾರೆ, ಒಂದೊಂದರಲ್ಲೂ ಗೇನ್ ನೀವಂದುಕೊಂಡಷ್ಟಿರುವುದಿಲ್ಲ. ಬುದ್ಧಿವಂತರು ಟ್ಯೂಬ್ ಸ್ಕ್ರೀಮರ್ ಎಂಬ ಹಸಿರು ಪೆಡಲ್ಲನ್ನು ಆ್ಯಂಪ್‌ನ ಮುಂದಿಟ್ಟು ಅದರ ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿಗೆ ಇಡುತ್ತಾರೆ. ಕೆಳಗಿನ ಗೊಜ್ಜು ಸೋಸಿಹೋಗಿ ಒಂದೊಂದು ಏಟೂ ಬೇರೆಬೇರೆ ಕೇಳಿಸುತ್ತದೆ.

ಎಲ್ಲ ಗುಂಡಿ ಪೂರ್ತಿ ತಿರುಗಿಸಿಯೂ ಗೆದ್ದವರಿಲ್ಲ ಎಂದಲ್ಲ. 1983ರಲ್ಲಿ ಬಾಸ್ ಕಂಪನಿ ತಂದ ಎಚ್‌ಎಂ-2 ಪೆಡಲ್ಲು 1991ಕ್ಕೆ ನಿಂತುಹೋಯಿತು. ಅಷ್ಟರಲ್ಲಿ ಸ್ಟಾಕ್‌ಹೋಮಿನ ಹುಡುಗರು ಅದರ ನಾಲ್ಕೂ ಗುಂಡಿಗಳನ್ನು ಕೊನೆಗೆ ತಿರುಗಿಸಿಟ್ಟಿದ್ದರು. ಎಂಟೂಂಬ್ಡ್ ತಂಡದ 1990ರ ಮೊದಲ ಆಲ್ಬಮ್ಮಿನಲ್ಲಿ ಅದು ಘರ್ಜಿಸಿ ಸ್ವೀಡನ್ನಿನ ಡೆತ್ ಮೆಟಲ್‌ಗೆ ಗುರುತಾಯಿತು. 2021ರಲ್ಲಿ ಕಂಪನಿಯೇ ಮತ್ತೆ ಅದನ್ನು ಮಾಡಿ ಮಾರಬೇಕಾಯಿತು. ನಿಮ್ಮ ಮಗ ಈ ಕಥೆ ಓದಿಕೊಂಡಿದ್ದರೆ ನಾನು ಹೇಳಿದ್ದೆಲ್ಲ ದಂಡ.

ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿ ಆ್ಯಂಪ್ ಹಚ್ಚುವುದು ನಮ್ಮ ಬಾಡಿಗೆ ಮನೆಗಳ ಸಂಪ್ರದಾಯ. ಗಿಟಾರಿನ ತಂತಿಗಳು ಆ್ಯಂಪ್‌ನ ಗ್ರೌಂಡಿಗೆ ಜೋಡಣೆಯಾಗಿರುತ್ತವೆ. ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಬರುವ ಮಿಂಚು ಸ್ಫೂರ್ತಿಯದಲ್ಲ. ಇದರಲ್ಲಿ ತಮಾಷೆ ಬೇಡ.

ಗಿಟಾರೂ ಆಯಿತು, ಆ್ಯಂಪೂ ಆಯಿತು, ಇನ್ನು ಕೈ. ಬಲ ಅಂಗೈಯ ಅಂಚನ್ನು ಬ್ರಿಡ್ಜ್ ಮೇಲೆ, ತಂತಿ ಶುರುವಾಗುವಲ್ಲಿ ಹಗುರವಾಗಿ ಇಟ್ಟು ಬಡಿದರೆ ಬರುವುದೇ ಆ ‘ಜುಗ್ ಜುಗ್’. ಕೂದಲೆಳೆಯಷ್ಟು ಮುಂದೆ ಹೋದರೆ ಬರೀ ತಟತಟ, ಹಿಂದೆ ಹೋದರೆ ಬರೀ ಗಂಟೆ. ಹೆಟ್‌ಫೀಲ್ಡ್ ಎಷ್ಟೋ ವೇಗದ ಹಾಡುಗಳನ್ನು ಮೇಲೆ ಕೆಳಗೆ ಆಡಿಸದೆ ಕೆಳಮುಖ ಏಟುಗಳಲ್ಲೇ ನುಡಿಸುತ್ತಾನೆ. ಮಿಲಿಮೀಟರಿಗೂ ಮೇಲ್ಪಟ್ಟು ದಪ್ಪದ ಪಿಕ್ ಇಲ್ಲದೆ, ವರ್ಷಗಟ್ಟಲೆ ಮೆಟ್ರೊನೋಮ್ ಇಲ್ಲದೆ ಆ ಮಣಿಕಟ್ಟು ಬರುವುದಿಲ್ಲ. ಏಟಿನ ನಡುವೆ ತಂತಿಯನ್ನು ಚಕ್ಕನೆ ನಿಲ್ಲಿಸಲು ಎಡಗೈ ಬೆರಳುಗಳೂ ಕೆಲಸ ಮಾಡಬೇಕು. ನಿಲ್ಲಿಸಲು ಬಾರದವರಿಗೆಂದು ನಾಯ್ಸ್ ಗೇಟ್ ಎಂಬ ಪೆಡಲ್ಲು ಮಾರುತ್ತಾರೆ, ಚೆನ್ನಾಗಿಯೇ ಹೋಗುತ್ತದೆ.

ಬಣ್ಣ ಹೇಳಲಿಲ್ಲ ಎಂದಿರಾ? ಕಪ್ಪೇ ಬೇಕು, ಕೆಂಪು ತಗೊಂಡರೆ ಫ್ರೆಂಡ್ಸ್ ನಗುತ್ತಾರೆ ಎಂದು ಮೊನ್ನೆಯೂ ಒಬ್ಬ ಹುಡುಗ ಹಟ ಹಿಡಿದಿದ್ದ. ಅಯೋಮಿಯ ಆ ಎಸ್‌ಜಿ ಕೆಂಪು ಬಣ್ಣದ್ದು ಕಣಪ್ಪ ಎಂದೆ, ನಂಬಲಿಲ್ಲ. ಅದರ ಮೇಲೆ ಪಿಟೀಲು ಬಾರಿಸುವ ಕೋತಿಯ ಸ್ಟಿಕರ್ ಅಂಟಿಸಿಕೊಂಡಿದ್ದ, ಅದಕ್ಕೇ ಆ ಗಿಟಾರನ್ನು ಮಂಕಿ ಎಂದೇ ಕರೆಯುತ್ತಾರೆ ಎಂದೆ. ಫೋನ್ ತೆಗೆದು ಫೋಟೋ ತೋರಿಸಿದೆ. ಹುಡುಗ ಬಹಳ ಹೊತ್ತು ದೊಡ್ಡದು ಮಾಡಿ ಮಾಡಿ ನೋಡಿದ. ಈಗ ಅಂಗಡಿ ಅಂಗಡಿ ತಿರುಗಿ ಕೋತಿ ಸ್ಟಿಕರ್ ಹುಡುಕುತ್ತಿದ್ದಾನಂತೆ. ಅಲೆನ್ ಕೀ ಇನ್ನೂ ತಗೊಂಡಿಲ್ಲ.